ಡಬ್ಬಿ ತಿರುಗಿಸಿ ಓದಿ: ಕ್ರೀಮು, ಸೋಪು ಕೊಳ್ಳುವ ಮೊದಲು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಮೆಡಿಕಲ್ ಅಂಗಡಿಯ ಕೌಂಟರಿನಲ್ಲಿ ನಾನು ಬಹಳ ವರ್ಷದಿಂದ ನಿಂತಿದ್ದೇನೆ. ಜ್ವರದ ಮಾತ್ರೆ ಕೇಳುವವರು ಎರಡು ನಿಮಿಷದಲ್ಲಿ ಹೋಗುತ್ತಾರೆ. ಮುಖಕ್ಕೆ ಹಚ್ಚುವ ಕ್ರೀಮು ಕೇಳುವವರು ಅರ್ಧ ಗಂಟೆ ನಿಲ್ಲುತ್ತಾರೆ.

ಹೋದ ಚಳಿಗಾಲದಲ್ಲಿ ನಮ್ಮ ಓಣಿಯ ಕಾಕಿ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಎರಡು ಕೈಯಲ್ಲಿ ಎರಡು ಡಬ್ಬಿ. "ಏನವಾ, ಇವೆರಡರಾಗ ಛಲೋದು ಯಾವುದು ಹೇಳು. ಇದು ತುಟ್ಟಿ ಅದ, ಇದು ಸೋವಿ ಅದ" ಅಂದರು.

ತುಟ್ಟಿಯದರ ಮೇಲೆ ಕೇಸರಿ ಹೂವು, ಎರಡು ಬಾದಾಮಿ, ಬಂಗಾರದ ಅಕ್ಷರ. 50 ಗ್ರಾಂಗೆ 399 ರೂಪಾಯಿ. ಸೋವಿಯದು ಸಾದಾ ಬಿಳಿ ಡಬ್ಬಿ, ಚಿತ್ರ ಇಲ್ಲ, ಏನೂ ಇಲ್ಲ. 100 ಗ್ರಾಂಗೆ 110 ರೂಪಾಯಿ.

"ಕಾಕಿ, ಮುಂದಿನ ಮಾರಿ ನೋಡಬ್ಯಾಡ್ರಿ. ತಿರುವಿ ಹಿಡೀರಿ" ಅಂದೆ.

ಅವತ್ತು ಕಾಕಿಗೆ ತೋರಿಸಿದ್ದನ್ನೇ ಇಲ್ಲಿ ಬರೆದಿದ್ದೇನೆ. ಜೊತೆಗೆ ಇನ್ನೊಂದಿಷ್ಟು.

ಮೊದಲು ಪಟ್ಟಿ ಹುಡುಕಿ

ಡಬ್ಬಿಯ ಹಿಂದೆ 'ಇಂಗ್ರೀಡಿಯೆಂಟ್ಸ್' ಅಂತ ಶುರುವಾಗುವ ಸಣ್ಣ ಅಕ್ಷರದ ಸಾಲುಗಳಿರುತ್ತವೆ. ಇರುವೆ ಸಾಲು ಹೋದಂತೆ ಕಾಣುತ್ತದೆ, ನಿಜ. ಕಣ್ಣಿಗೆ ತ್ರಾಸು ಕೊಡಬೇಡಿ. ಫೋನಿನಲ್ಲಿ ಒಂದು ಫೋಟೋ ತೆಗೆದು ಎರಡು ಬೆರಳಲ್ಲಿ ದೊಡ್ಡದು ಮಾಡಿ ಓದಿ. ಆ ಫೋಟೋ ಅಳಿಸಬೇಡಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

60 ಎಂಎಲ್‌ಗಿಂತ ಕಡಿಮೆ ಇರುವ ದ್ರವಕ್ಕೆ, 30 ಗ್ರಾಂಗಿಂತ ಕಡಿಮೆ ಇರುವ ಕ್ರೀಮಿಗೆ ನಮ್ಮ ದೇಶದ ನಿಯಮದಲ್ಲಿ ಈ ಪಟ್ಟಿ ಕಡ್ಡಾಯ ಅಲ್ಲ. ಹಾಗಾಗಿ ಸ್ಯಾಶೆ, ಚಿಕ್ಕ ಟ್ಯೂಬಿನ ಮೇಲೆ ಪಟ್ಟಿ ಇಲ್ಲದಿದ್ದರೆ ಅದೇ ಸರಕಿನ ದೊಡ್ಡ ಪ್ಯಾಕ್ ಕೇಳಿ ಓದಿ.

ದೊಡ್ಡ ಡಬ್ಬಿಯ ಮೇಲೂ ಪಟ್ಟಿ ಇಲ್ಲ, ತಯಾರಿಸಿದವರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ ಅಂದರೆ ಮುಂದಿನ ಹಂತಕ್ಕೆ ಹೋಗುವುದೇ ಬೇಡ. ಇಟ್ಟು ಬನ್ನಿ. ಶರಣಬಸವೇಶ್ವರ ಜಾತ್ರೆಯಲ್ಲಿ ಬಳೆ ತಗೊಳ್ಳಿ, ಬೆಂಡು ಬತ್ತಾಸು ತಗೊಳ್ಳಿ. ಹೆಸರಿಲ್ಲದ ಮುಖದ ಕ್ರೀಮು ಮಾತ್ರ ಬೇಡ.

ಸಾಲಿನಲ್ಲಿ ಯಾರು ಮುಂದೆ ನಿಂತಿದ್ದಾರೆ ನೋಡಿ

ಪಟ್ಟಿಗೆ ಒಂದು ಕಟ್ಟುನಿಟ್ಟು ಕ್ರಮ ಇದೆ. ಯಾವುದು ಜಾಸ್ತಿ ಇದೆಯೋ ಅದು ಮೊದಲು. ಆಮೇಲೆ ಇಳಿಕೆ ಕ್ರಮದಲ್ಲಿ ಉಳಿದವು. ನೂರಕ್ಕೆ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಇರುವ ವಸ್ತುಗಳನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು.

ಕಾಕಿಯ ತುಟ್ಟಿ ಡಬ್ಬಿಯ ಹಿಂದೆ ಇದ್ದದ್ದು ಇಷ್ಟು: ಆಕ್ವಾ, ಗ್ಲಿಸರಿನ್, ಮಿನರಲ್ ಆಯಿಲ್, ಸ್ಟಿಯರಿಕ್ ಆಸಿಡ್, ಸಿಟೈಲ್ ಆಲ್ಕೋಹಾಲ್, ಡೈಮೆಥಿಕೋನ್, ಫಿನಾಕ್ಸಿಎಥನಾಲ್, ಪರ್ಫ್ಯೂಮ್, ಪ್ರೂನಸ್ ಅಮಿಗ್ಡಾಲಸ್ ಡಲ್ಸಿಸ್ ಆಯಿಲ್, ಕ್ರೋಕಸ್ ಸಟೈವಸ್ ಎಕ್ಸ್‌ಟ್ರ್ಯಾಕ್ಟ್, ಸಿಐ 19140.

ಸೋವಿಯದರ ಹಿಂದೆ: ಆಕ್ವಾ, ಗ್ಲಿಸರಿನ್, ಪೆಟ್ರೋಲೇಟಮ್, ಸಿಟೈಲ್ ಆಲ್ಕೋಹಾಲ್, ಡೈಮೆಥಿಕೋನ್, ಫಿನಾಕ್ಸಿಎಥನಾಲ್, ಇನ್ನೆರಡು ಸಣ್ಣ ಹೆಸರು. ಪರ್ಫ್ಯೂಮ್ ಇಲ್ಲ.

ಆಕ್ವಾ ಅಂದರೆ ನೀರು, ಅಷ್ಟೇ. ಗ್ಲಿಸರಿನ್ ನಿಮಗೆ ಗೊತ್ತು. ಚಳಿಗಾಲದಲ್ಲಿ ಗಲ್ಲ ಒಡೆದಾಗ ಅಜ್ಜಿ ಗುಲಾಬ್ ಜಲದ ಜೊತೆ ಕಲಸಿ ಹಚ್ಚುತ್ತಿದ್ದಳಲ್ಲ, ಅದೇ. ಅದು ಚರ್ಮಕ್ಕೆ ನೀರನ್ನು ಎಳೆದು ಹಿಡಿಯುತ್ತದೆ. ಮಿನರಲ್ ಆಯಿಲ್, ಪೆಟ್ರೋಲೇಟಮ್ ಎರಡೂ ಆ ನೀರು ಆರಿ ಹೋಗದಂತೆ ಮೇಲೆ ಮುಚ್ಚಳ ಹಾಕುತ್ತವೆ. ಔಷಧಿ ಟ್ಯೂಬಿನ ಮೇಲೆ ಇವುಗಳಿಗೇ ಲಿಕ್ವಿಡ್ ಪ್ಯಾರಾಫಿನ್, ವೈಟ್ ಸಾಫ್ಟ್ ಪ್ಯಾರಾಫಿನ್ ಅಂತ ಹೆಸರು. 'ಪೆಟ್ರೋ' ಅಂತ ಓದಿ ಹೆದರುವವರು ಇದ್ದಾರೆ. ಚೆನ್ನಾಗಿ ಶುದ್ಧ ಮಾಡಿದ ಪೆಟ್ರೋಲೇಟಮ್ ಅಷ್ಟು ಗಟ್ಟಿಯಾಗಿ ನೀರು ತಡೆಯುವ ವಸ್ತು ಬೇರೆ ಸಿಗುವುದು ಕಷ್ಟ. ಒಡೆದ ಹಿಮ್ಮಡಿಗೆ ನಾನು ಬೇರೆ ಏನನ್ನೂ ಹೇಳುವುದಿಲ್ಲ. ಡೈಮೆಥಿಕೋನ್ ನುಣುಪು ಕೊಡುವ ಸಿಲಿಕೋನ್.

ಈ 'ಆಲ್ಕೋಹಾಲ್' ಅನ್ನುವ ಪದ ನಮ್ಮ ಊರಿನಲ್ಲಿ ಬಹಳ ಕೇಳಿಸಿಕೊಳ್ಳುವ ಪ್ರಶ್ನೆ. ದರ್ಗಾ ಕಡೆಯಿಂದ ಬರುವ ಅಕ್ಕಂದಿರು ಡಬ್ಬಿ ಕೈಗೆ ತಗೊಂಡ ಕೂಡಲೇ ಅದನ್ನೇ ಕೇಳುತ್ತಾರೆ. ಸಿಟೈಲ್, ಸಿಟೆರೈಲ್, ಸ್ಟಿಯರೈಲ್ ಆಲ್ಕೋಹಾಲ್ ಅಂದರೆ ಮೇಣದಂಥ ಗಟ್ಟಿ ಕೊಬ್ಬು. ಹೆಸರು ಆಲ್ಕೋಹಾಲ್, ನಶೆಗೂ ಅದಕ್ಕೂ ಸಂಬಂಧ ಇಲ್ಲ, ಚರ್ಮ ಒಣಗಿಸುವುದೂ ಇಲ್ಲ. 'ಆಲ್ಕೋಹಾಲ್ ಡಿನ್ಯಾಟ್' ಅಥವಾ 'ಎಥನಾಲ್' ಅಂತ ಬರೆದಿದ್ದರೆ ಅದು ಬೇರೆ, ಸ್ಪಿರಿಟ್ ಜಾತಿಯದು. ಅದು ಪಟ್ಟಿಯ ಮೇಲ್ತುದಿಯಲ್ಲಿ ಇದ್ದರೆ ಒಣ ಚರ್ಮದವರು ಬಿಡುವುದು ಒಳ್ಳೆಯದು.

ಇನ್ನು ಲ್ಯಾಟಿನ್ ಹೆಸರು. ಗಿಡದಿಂದ ಬಂದದ್ದಕ್ಕೆಲ್ಲ ಉದ್ದ ಹೆಸರು ಇರುತ್ತದೆ. ಪ್ರೂನಸ್ ಅಮಿಗ್ಡಾಲಸ್ ಅಂದರೆ ಬಾದಾಮಿ. ಕ್ರೋಕಸ್ ಸಟೈವಸ್ ಕೇಸರಿ. ಕುರ್ಕುಮಾ ಲಾಂಗಾ ಅರಿಶಿನ, ಅಝಡಿರಕ್ಟಾ ಇಂಡಿಕಾ ಬೇವು, ಸ್ಯಾಂಟಲಮ್ ಆಲ್ಬಮ್ ಶ್ರೀಗಂಧ, ಕೋಕಸ್ ನ್ಯೂಸಿಫೆರಾ ತೆಂಗು, ಆಲೋ ಬಾರ್ಬಡೆನ್ಸಿಸ್ ಲೋಳೆಸರ. ಇಷ್ಟು ಗೊತ್ತಿದ್ದರೆ ಸಾಕು, ಅಂಗಡಿಯ ಮುಕ್ಕಾಲು ಡಬ್ಬಿ ಓದಬಹುದು.

ಪೆನ್ನಿನಿಂದ ಒಂದು ಗೆರೆ ಎಳೆಯಿರಿ

ಇದು ನನಗೆ ಬಹಳ ಇಷ್ಟದ ಕೆಲಸ. ಪಟ್ಟಿಯಲ್ಲಿ ಫಿನಾಕ್ಸಿಎಥನಾಲ್ ಹುಡುಕಿ. ಇದು ಕ್ರೀಮು ಕೆಡದಂತೆ ಹಾಕುವ ವಸ್ತು. ಇದನ್ನು ನೂರಕ್ಕೆ ಒಂದಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಅಂದರೆ ಅದರ ಹಿಂದೆ ನಿಂತ ಹೆಸರುಗಳೆಲ್ಲ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಅಂತಲೇ ಲೆಕ್ಕ.

ಕಾಕಿಯ ಡಬ್ಬಿಯ ಮೇಲೆ ಅಲ್ಲೇ ಒಂದು ಗೆರೆ ಎಳೆದೆ. ಬಾದಾಮಿ ಗೆರೆಯ ಆಚೆ. ಕೇಸರಿಯೂ ಆಚೆ. ಪರ್ಫ್ಯೂಮ್ ಅವೆರಡಕ್ಕಿಂತ ಮುಂದೆ. ಗೆರೆಯ ಈಚೆ ಇದ್ದದ್ದು ಎರಡೂ ಡಬ್ಬಿಯಲ್ಲಿ ಹೆಚ್ಚು ಕಡಿಮೆ ಒಂದೇ.

"ಮತ್ತ ಇದು ಇಷ್ಟು ಛಂದ ಕೇಸರಿ ಬಣ್ಣ ಹೆಂಗ ಅದ?" ಅಂತ ಮಗಳು ಕೇಳಿದಳು. ಪಟ್ಟಿಯ ಕೊನೆಯ ಹೆಸರು ತೋರಿಸಿದೆ. ಸಿಐ 19140. ಅದು ಟಾರ್ಟ್ರಜೀನ್, ಹಳದಿ ಬಣ್ಣ. ಸಿಐ ಅಂತ ಶುರುವಾಗಿ ಐದು ಅಂಕಿ ಇದ್ದರೆ ಅದು ಬಣ್ಣದ ನಂಬರ್.

ಗೆರೆಯ ಆಚೆ ಇರುವುದೆಲ್ಲ ಮೋಸ ಅಂತಲ್ಲ. ರೆಟಿನಾಲ್, ಸೆರಾಮೈಡ್, ಸೋಡಿಯಂ ಹೈಲುರೋನೇಟ್ ಇಂಥವು ಒಂದು ಪಾಲಿಗಿಂತ ಕಡಿಮೆ ಇದ್ದರೂ ಕೆಲಸ ಮಾಡುತ್ತವೆ. ಆದರೆ ಬಾದಾಮಿ ಎಣ್ಣೆ ಹಾಗಲ್ಲ. ಚರ್ಮ ಮೆತ್ತಗಾಗಬೇಕಾದರೆ ಅದು ಕೈಗೆ ಹತ್ತುವಷ್ಟು ಇರಬೇಕು. ತಲೆಗೆ ಹಚ್ಚುವ ಕೆಲವು 'ಬಾದಾಮಿ' ಎಣ್ಣೆಗಳಲ್ಲೂ ಮೊದಲ ಹೆಸರು ಮಿನರಲ್ ಆಯಿಲ್ ಆಗಿರುತ್ತದೆ. ಮನೆಯಲ್ಲಿದ್ದರೆ ಈಗಲೇ ತಿರುಗಿಸಿ ನೋಡಿ.

ಆಯುರ್ವೇದ ಲೈಸೆನ್ಸಿನ ಕ್ರೀಮುಗಳ ಪಟ್ಟಿ ಬೇರೆ ತರಹ ಇರುತ್ತದೆ. 'ಪ್ರತಿ 10 ಗ್ರಾಂನಲ್ಲಿ' ಅಂತ ಶುರು ಮಾಡಿ, ಹರಿದ್ರಾ ಇಷ್ಟು, ಮಂಜಿಷ್ಠಾ ಇಷ್ಟು ಅಂತ ತೂಕವನ್ನೇ ಕೊಟ್ಟಿರುತ್ತಾರೆ. ಇದು ನಮಗೆ ಇನ್ನೂ ಅನುಕೂಲ. 10 ಗ್ರಾಂನಲ್ಲಿ ಕೇಸರಿ 10 ಮಿಲಿಗ್ರಾಂ ಅಂತ ಇದ್ದರೆ ಅದು ಸಾವಿರಕ್ಕೆ ಒಂದು ಪಾಲು. ಕೊನೆಯಲ್ಲಿ 'ಕ್ರೀಮ್ ಬೇಸ್ ಕ್ಯು.ಎಸ್.' ಅಂತ ಇರುತ್ತದೆ. ಕ್ಯು.ಎಸ್. ಅಂದರೆ 'ಬೇಕಾದಷ್ಟು'. ಡಬ್ಬಿ ತುಂಬಿರುವುದು ಬಹುಪಾಲು ಅದೇ.

ಗ್ರಾಂ ಲೆಕ್ಕ ಹಾಕಿ

ಇದು ಬೇಳೆ ಕೊಳ್ಳುವ ಲೆಕ್ಕ, ನಮ್ಮ ತೊಗರಿ ನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. 399 ಭಾಗಿಸು 50, ಗ್ರಾಂಗೆ ಸುಮಾರು 8 ರೂಪಾಯಿ. 110 ಭಾಗಿಸು 100, ಗ್ರಾಂಗೆ 1 ರೂಪಾಯಿ 10 ಪೈಸೆ. ಈಗ ಎಂಆರ್‌ಪಿ ಹತ್ತಿರವೇ ಗ್ರಾಂಗೆ ಅಥವಾ ಎಂಎಲ್‌ಗೆ ಎಷ್ಟು ಅಂತ ಅಚ್ಚು ಹಾಕಿರುತ್ತಾರೆ. ಅದನ್ನೇ ನೋಡಿದರೂ ಆಯಿತು.

ಕಾಕಿ ಏನು ತಗೊಂಡರು ಗೊತ್ತಾ? ತುಟ್ಟಿಯದನ್ನೇ. "ವಾಸನೆ ಛಲೋ ಅದ, ಮದಿವಿ ಅದಲ್ಲವಾ" ಅಂದರು. ನನಗೆ ಬೇಜಾರಿಲ್ಲ. ವಾಸನೆಗೆ ದುಡ್ಡು ಕೊಡುತ್ತಿದ್ದೇವೆ ಅಂತ ಗೊತ್ತಿದ್ದು ಕೊಟ್ಟರೆ ಅದು ಅವರ ಖುಷಿ. ಮಗಳು ಮಾತ್ರ ಕೈಕಾಲಿಗೆ ಅಂತ ಬಿಳಿ ಡಬ್ಬಿಯನ್ನೂ ತಗೊಂಡಳು.

ಅಂದಹಾಗೆ, ಪರ್ಫ್ಯೂಮ್ ಅಥವಾ ಫ್ರೇಗ್ರನ್ಸ್ ಅನ್ನುವ ಒಂದೇ ಪದದ ಕೆಳಗೆ ಹತ್ತಾರು ವಸ್ತು ಇರಬಹುದು. ಬೇಗ ಕೆಂಪಾಗುವ, ಉರಿಯುವ ಚರ್ಮದವರು ಮೊದಲು ಬಿಟ್ಟು ನೋಡಬೇಕಾದ್ದು ಇದನ್ನೇ. ಲಿನಲೂಲ್, ಲಿಮೋನಿನ್, ಜೆರಾನಿಯಾಲ್ ಇವೂ ವಾಸನೆಯ ವಸ್ತುಗಳೇ.

'ಪ್ಯಾರಾಬೆನ್ ಇಲ್ಲ' ಅನ್ನುವ ಜಾಹೀರಾತಿಗೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ಪ್ಯಾರಾಬೆನ್ ಕೂಡ ಕ್ರೀಮು ಕೆಡದಂತೆ ಹಾಕುವ ವಸ್ತು. ನೀರು ಇರುವ ಕ್ರೀಮಿಗೆ ಅಂಥದ್ದು ಏನಾದರೂ ಹಾಕಲೇಬೇಕು. ಪ್ಯಾರಾಬೆನ್ ಬಿಟ್ಟ ಎಷ್ಟೋ ಕಡೆ ಮಿಥೈಲ್‌ಐಸೋಥಯಾಜೋಲಿನೋನ್ ಅನ್ನುವುದನ್ನು ಹಾಕಿದರು, ಅದರಿಂದ ಅಲರ್ಜಿ ಹೆಚ್ಚಾಯಿತು. ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಯುರೋಪಿನವರು 2017ರಿಂದ ಅದನ್ನು ನಿಲ್ಲಿಸಿದ್ದಾರೆ. ಚರ್ಮದ ಅಲರ್ಜಿ ನೋಡುವ ಅಮೆರಿಕದ ವೈದ್ಯರ ಸಂಘ 2013ರಲ್ಲಿ ಅದನ್ನು 'ವರ್ಷದ ಅಲರ್ಜಿ ವಸ್ತು' ಅಂತ ಹೆಸರಿಸಿತು. ಅದೇ ಸಂಘ 2019ರಲ್ಲಿ ಪ್ಯಾರಾಬೆನ್‌ಗೆ 'ಅಲರ್ಜಿ ಅಲ್ಲದ ವಸ್ತು' ಅಂತ ಪಟ್ಟ ಕೊಟ್ಟಿತು!

ನಮ್ಮ ನೀರಿಗೆ ಯಾವ ಸೋಪು

ಕ್ರೀಮಿನಷ್ಟೇ ಸೋಪಿನ ಹಿಂದೆಯೂ ಓದಬೇಕು. ಅದರಲ್ಲೂ ಈ ಕಡೆಯವರು.

ನಮ್ಮದು ಸುಣ್ಣದ ಕಲ್ಲಿನ ಜಿಲ್ಲೆ. ಮನೆಮನೆಯಲ್ಲಿ ಹಾಸಿರುವ ಶಹಾಬಾದಿನ ಫರಸಿ ಅದೇ ಕಲ್ಲು. ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಬಂದದ್ದೂ ಅದರಿಂದಲೇ. ಬೋರಿನ ನೀರಿನಲ್ಲೂ ಆ ಸುಣ್ಣ ಇಳಿದಿರುತ್ತದೆ. ನೀರು ಕಾಯಿಸುವ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವುದಿಲ್ವಾ? ಆ ಸುಣ್ಣದ ಅಂಶ ಸೋಪಿನ ಜೊತೆ ಸೇರಿದರೆ ನೊರೆ ಬರುವುದಿಲ್ಲ, ಅಂಟಾದ ಬಿಳಿ ಗಷ್ಟು ಆಗುತ್ತದೆ. ಬಕೆಟ್ಟಿನ ಅಂಚಿಗೆ ಹತ್ತಿರುತ್ತದಲ್ಲ, ಅದೇ. ಅದು ನಿಮ್ಮ ಮೈ ಮೇಲೂ ಉಳಿಯುತ್ತದೆ. ಸ್ನಾನ ಮಾಡಿ ಬಂದ ಕೂಡಲೇ ಮೊಳಕಾಲು ಬಿಗಿದು ಕೆರೆತ ಶುರುವಾದರೆ ಅರ್ಧ ಕಾರಣ ಇದು.

ಸೋಪಿನ ಪಟ್ಟಿಯಲ್ಲಿ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್ ಅಂತ ಇದ್ದರೆ ಅದು ತಾಳೆ ಎಣ್ಣೆಯ ಸೋಪು. ಸೋಡಿಯಂ ಟ್ಯಾಲೋವೇಟ್ ಅಂದರೆ ಪ್ರಾಣಿಯ ಕೊಬ್ಬಿನದು. ಶುದ್ಧ ಶಾಕಾಹಾರ ಬೇಕು ಅನ್ನುವ ಮನೆಯವರು ಈ ಪದ ನೆನಪಿಡಿ. ಇವೆಲ್ಲ ನಿಜವಾದ ಸೋಪುಗಳು, ಸವಳು ನೀರಿನಲ್ಲಿ ಒದ್ದಾಡುತ್ತವೆ. ಸೋಡಿಯಂ ಕೋಕೋಯ್ಲ್ ಐಸೆಥಿಯೋನೇಟ್ ಅಂತ ಮೊದಲ ಸ್ಥಾನದಲ್ಲಿ ಇದ್ದರೆ ಅದು ಸೋಪಿನ ಆಕಾರದಲ್ಲಿದ್ದರೂ ಸೋಪಲ್ಲ, ಸಿಂಡೆಟ್ ಬಾರ್, ಅಂದರೆ ಕೃತಕ ಮಾರ್ಜಕದ ಬಿಲ್ಲೆ. ಸುಣ್ಣದ ನೀರಿನಲ್ಲೂ ಗಷ್ಟು ಕಟ್ಟುವುದಿಲ್ಲ. ಬೆಲೆ ಜಾಸ್ತಿ, ಬೇಗ ಕರಗುತ್ತದೆ. ಮೈಗೆಲ್ಲ ಬೇಡ ಅಂದರೆ ಮುಖಕ್ಕೆ, ಕೂಸುಗಳಿಗೆ ಇಟ್ಟುಕೊಳ್ಳಿ.

ಸೋಪಿನ ರ‍್ಯಾಪರ್ ಮೇಲೆ ಟಿಎಫ್ಎಂ ಅಂತ ಒಂದು ಅಂಕಿ ಇರುತ್ತದೆ. ಸೋಪಿನಲ್ಲಿ ಕೊಬ್ಬಿನಾಮ್ಲದ ಪಾಲು ಎಷ್ಟು ಅಂತ ಅದು ಹೇಳುತ್ತದೆ. 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗ್ರೇಡ್ 1. 70 ಇದ್ದರೆ ಗ್ರೇಡ್ 2, 60 ಇದ್ದರೆ ಗ್ರೇಡ್ 3. ನೂರು ವರ್ಷಕ್ಕೂ ಹಿಂದಿನಿಂದ ಬಂದಿರುವ ನಮ್ಮ ಮೈಸೂರ್ ಸ್ಯಾಂಡಲ್ ಗ್ರೇಡ್ 1ರದು. 'ಬಾತಿಂಗ್ ಬಾರ್' ಅಂತ ಬರೆದದ್ದು ಈ ಗ್ರೇಡುಗಳಲ್ಲಿ ಬರುವುದೇ ಇಲ್ಲ. ನೋಡಲು ಮಾತ್ರ ಅಣ್ಣತಮ್ಮ.

ಬಿಸಿಲಿನ ಕ್ರೀಮಿನ ವಿಷಯ ಬೇಗ ಮುಗಿಸುತ್ತೇನೆ. ಎಸ್‌ಪಿಎಫ್ 30 ಇದ್ದರೆ ಸಾಕು. ಅದು ಚರ್ಮ ಸುಡುವ ಕಿರಣದ ಲೆಕ್ಕ. ಕಪ್ಪು ಕಲೆ ಬರಿಸುವ ಕಿರಣಕ್ಕೆ ಪಿಎ ಅಂತ ಬರೆದು ಪ್ಲಸ್ ಗುರುತು ಹಾಕಿರುತ್ತಾರೆ, ಮೂರಾದರೂ ಇರಲಿ. ಎರಡು ಬೆರಳುದ್ದ ಹಿಂಡಿದರೆ ಮುಖ, ಕುತ್ತಿಗೆಗೆ ಸರಿ. ಹೆಸರುಕಾಳಿನಷ್ಟು ಹಚ್ಚಿ "ಏನೂ ಉಪಯೋಗ ಆಗಲಿಲ್ಲ" ಅನ್ನಬೇಡಿ. ಮತ್ತೆ ನಮ್ಮ ಬಿಸಿಲಿಗೆ ನಿಂಬೆರಸ ಹಚ್ಚಿಕೊಂಡು ಹೊರಗೆ ಹೋಗುವ ಚಟ ಬಿಡಿ. ನಿಂಬೆರಸದ ಮೇಲೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಎದ್ದು ತಿಂಗಳುಗಟ್ಟಲೆ ಕಲೆ ಉಳಿಯುತ್ತದೆ.

ಶೇಕಡಾ ಬರೆದ ಟ್ಯೂಬು ಕಂಡರೆ ನಿಲ್ಲಿ

ಇದನ್ನು ಬರೆಯುವಾಗ ನನಗೆ ಸ್ವಲ್ಪ ನಾಚಿಕೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೆ ಅಂಗಡಿಯಲ್ಲಿದ್ದೆ. ಹುಡುಗಿಯರು ಬಂದು ಒಂದು ಟ್ಯೂಬಿನ ಹೆಸರು ಹೇಳಿ ಕೇಳುತ್ತಿದ್ದರು. ಡಾಕ್ಟರ್ ಚೀಟಿ ಕೇಳುವ ರೂಢಿ ಅಲ್ಲಿ ಇರಲಿಲ್ಲ, ನಾನೂ ಕೇಳಲಿಲ್ಲ. ಹಚ್ಚಿದ ವಾರದಲ್ಲೇ ಮುಖ ಬೆಳ್ಳಗೆ, ನುಣ್ಣಗೆ. ಅವರು ಗೆಳತಿಯರನ್ನೂ ಕರೆತರುತ್ತಿದ್ದರು. ಒಂದು ವರ್ಷದ ಮೇಲೆ ಅವರಲ್ಲೇ ಒಬ್ಬಳು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಬಂದಳು. ಬಿಚ್ಚಿದರೆ ಗಲ್ಲ ಕೆಂಪು ಕೆಂಪು, ಚರ್ಮ ತೆಳ್ಳಗಾಗಿ ಒಳಗಿನ ನರ ಕಾಣುತ್ತಿತ್ತು, ಗದ್ದದ ಮೇಲೆ ಕೂದಲು. "ಹಚ್ಚೋದು ಬಿಟ್ರ ಉರಿತದ ಅಕ್ಕಾ, ಇನ್ನೊಂದು ಟ್ಯೂಬ್ ಕೊಡ್ರಿ" ಅಂದಳು.

ಆ ಟ್ಯೂಬಿನ ಮೇಲೆ ಇದ್ದದ್ದು ಮೂರು ಹೆಸರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೂರನೆಯದು ಸ್ಟೀರಾಯ್ಡ್, ಅಂದರೆ ಉರಿಯೂತ ತಗ್ಗಿಸುವ ಬಲವಾದ ಔಷಧಿ. ಬಂಗು ಅನ್ನುವ ಮುಖದ ಕಪ್ಪು ಕಲೆಗೆ ಡಾಕ್ಟರು ಕೆಲವೇ ವಾರಕ್ಕೆ ಬರೆದುಕೊಡುವ ಟ್ಯೂಬು ಅದು. ದಿನಾ ಹಚ್ಚುವ ಕ್ರೀಮಲ್ಲ.

ಗುರುತು ಹಿಡಿಯುವುದು ಸುಲಭ. ಔಷಧಿ ಟ್ಯೂಬಿನ ಮೇಲೆ 'ಇಂಗ್ರೀಡಿಯೆಂಟ್ಸ್' ಬದಲು 'ಕಾಂಪೊಸಿಷನ್' ಅಂತ ಇರುತ್ತದೆ. ಹೆಸರಿನ ಮುಂದೆ ಶೇಕಡಾ ಇರುತ್ತದೆ. ಒಂದು ಪಕ್ಕ ಉದ್ದಕ್ಕೆ ಕೆಂಪು ಗೆರೆ, 'ಶೆಡ್ಯೂಲ್ ಎಚ್' ಅನ್ನುವ ಎಚ್ಚರಿಕೆ. ಹೆಸರುಗಳಲ್ಲಿ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುವೋಸಿನೋಲೋನ್ ಇವುಗಳಲ್ಲಿ ಒಂದು ಕಂಡರೂ ಅದು ಸ್ಟೀರಾಯ್ಡ್. 2018ರಲ್ಲಿ ಕೇಂದ್ರ ಸರ್ಕಾರ ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಚೀಟಿ ಇಲ್ಲದೆ ಮಾರುವಂತಿಲ್ಲ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಹೆದರಿ ಒಮ್ಮೆಲೇ ಬಿಡಬೇಡಿ, ಮುಖ ಇನ್ನೂ ಕೆರಳುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಮೆಲ್ಲಗೆ ಬಿಡಿಸುತ್ತಾರೆ.

ಸೀರಮ್‌ಗಳ ಮೇಲೂ ಈಗ ಶೇಕಡಾ ಬರೆಯುತ್ತಾರೆ. ನಿಯಾಸಿನಮೈಡ್ 5, ಸ್ಯಾಲಿಸಿಲಿಕ್ ಆಸಿಡ್ 2, ಹೀಗೆ. ಅವು ಔಷಧಿ ಟ್ಯೂಬಲ್ಲ, ಹೆದರಬೇಕಾಗಿಲ್ಲ. ಆದರೆ 10 ಇದ್ದರೆ 5ಕ್ಕಿಂತ ಎರಡು ಪಟ್ಟು ಒಳ್ಳೆಯದು ಅಂತ ಲೆಕ್ಕ ಹಾಕಬೇಡಿ. ಉಪ್ಪು ಎರಡು ಪಟ್ಟು ಹಾಕಿದರೆ ಸಾರು ಎರಡು ಪಟ್ಟು ರುಚಿ ಆಗುತ್ತದಾ? ಗರ್ಭಿಣಿಯರು ರೆಟಿನಾಲ್, ಟ್ರೆಟಿನಾಯಿನ್ ಎರಡನ್ನೂ ಮುಟ್ಟಬಾರದು.

ಇನ್ನೊಂದು ಅಪಾಯ ಪಾದರಸ. ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಅಂತ ಪಟ್ಟಿಯಲ್ಲಿ ಕಂಡರೆ ಬಿಟ್ಟುಬಿಡಿ. ನಮ್ಮಲ್ಲಿ ಕ್ರೀಮಿಗೆ ಪಾದರಸ ಹಾಕುವುದು ನಿಷೇಧ. ಹಾಕುವವರು ಬಹಳ ಸಲ ಪಟ್ಟಿಯಲ್ಲಿ ಬರೆಯುವುದೂ ಇಲ್ಲ. ಅದಕ್ಕೇ ಮೊದಲೇ ಹೇಳಿದ್ದು, ವಿಳಾಸ ಇಲ್ಲದ ಡಬ್ಬಿ ಬೇಡ ಅಂತ. ಬೆಳ್ಳಗಾಗುವ ಕ್ರೀಮು ಹಚ್ಚಿ ಕಿಡ್ನಿ ಕೆಟ್ಟ ಪ್ರಕರಣಗಳು 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಸುದ್ದಿಯಾಗಿದ್ದವು. ಹೊರದೇಶದಿಂದ ತಂದದ್ದು, ಲೇಬಲ್ ಸರಿ ಇಲ್ಲದ್ದು ಯಾರೇ ಪ್ರೀತಿಯಿಂದ ಕೊಟ್ಟರೂ ಮುಖಕ್ಕೆ ಹಚ್ಚಬೇಡಿ.

ಹಚ್ಚುವ ಮೊದಲು ಮೊಳಕೈಗೆ

ಕೊಂಡು ತಂದ ದಿನವೇ ಮುಖಕ್ಕೆ ಬಳಿಯಬೇಡಿ. ಮೊಳಕೈ ಒಳಮೈಗೆ, ನಾಲ್ಕಾಣೆ ಅಗಲದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, ಒಂದು ವಾರ ಹಚ್ಚಿ. ತುರಿಕೆ, ಕೆಂಪು ಏನೂ ಇಲ್ಲ ಅಂದರೆ ಮುಖಕ್ಕೆ. ಮದುವೆಗೆ ಹೊಸ ಕ್ರೀಮು ಅಂದರೆ ಒಂದು ತಿಂಗಳು ಮೊದಲೇ ಶುರು ಮಾಡಿ, ಅರಿಶಿನದ ಹಿಂದಿನ ರಾತ್ರಿ ಅಲ್ಲ. ಹೊಸದು ಒಂದೊಂದೇ ತನ್ನಿ. ಮೂರು ಒಟ್ಟಿಗೆ ಶುರು ಮಾಡಿದರೆ ಯಾವುದು ಕೈಕೊಟ್ಟಿತು ಅಂತ ಗೊತ್ತಾಗುವುದಿಲ್ಲ.

ಏನಾದರೂ ಉರಿ, ಬಾವು ಬಂದರೆ ಸಾದಾ ನೀರಿನಲ್ಲಿ ತೊಳೆದು ಹಚ್ಚುವುದನ್ನು ನಿಲ್ಲಿಸಿ. ಅದರ ಮೇಲೆ ಅರಿಶಿನ, ಟೂತ್‌ಪೇಸ್ಟ್ ಹಚ್ಚಬೇಡಿ. ಸಿಟ್ಟಿನಲ್ಲಿ ಡಬ್ಬಿ ಎಸೆಯಲೂಬೇಡಿ. ನಮ್ಮೂರಿನ ಸರ್ಕಾರಿ ಜಿಮ್ಸ್ ಆಸ್ಪತ್ರೆಗೆ ಹೋಗಿ, ನಿಮ್ಮ ಡಾಕ್ಟರ ಹತ್ತಿರ ಹೋಗಿ, ಆ ಡಬ್ಬಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. ಡಬ್ಬಿ ಇಲ್ಲದಿದ್ದರೆ ಫೋನಿನಲ್ಲಿರುವ ಆ ಫೋಟೋ ತೋರಿಸಿ. "ಒಂದು ಗುಲಾಬಿ ಬಣ್ಣದ ಕ್ರೀಮು ರೀ" ಅಂದರೆ ಡಾಕ್ಟರಿಗೆ ಏನು ತಿಳಿಯಬೇಕು?